ಭಟ್ಟಿ ಬಾಲ್ಡೊನ ತಣ್ಣನೆ ಗಾಡಿ

ನನ್ನ ಮಾವನ ಹೆಸರು ಬಾಲ್ಡೊಮೆರೊ ಅರ್ವಿಸು. ಮರುಭೂಮಿಯ ನಮ್ಮ ಊರು ವೆಲ್ಟನ್ನಿನಲ್ಲಿ ಆ ಹೆಸರು ಹೇಳಿ ಮನೆ ವಿಚಾರಿಸಿದರೆ ಯಾರಾದರೂ ಒಂದು ಗಳಿಗೆ ಯೋಚಿಸುತ್ತಾರೆ. ಭಟ್ಟಿ ಬಾಲ್ಡೊ ಅಂದರೆ ಸಾಕು, ಐದು ವರ್ಷದ ಹುಡುಗಿಯೂ ಕಾಲುವೆ ಪಕ್ಕದ ನಮ್ಮ ಮನೆಗೆ ಕೈ ತೋರಿಸುತ್ತಾಳೆ. ಹಿಂದಿನಿಂದ ಅನ್ನುವ ಮಾತಲ್ಲ, ಎದುರಿಗೇ ಅನ್ನುತ್ತಾರೆ. ಮಾವ ಟೋರ್ಟಿಯಾ ರೊಟ್ಟಿ ಕೊಳ್ಳಲು ಹೋದರೆ ಅಂಗಡಿಯ ಹೆಂಗಸು, "ನಿನಗ್ಯಾಕಪ್ಪಾ ಬಿಸಿ ಮಾಡಿ ಕೊಡೋದು? ಗಾಡೀಲಿಟ್ಕೊಂಡು ಹೋಗು, ಮನೆ ಮುಟ್ಟೋ ಹೊತ್ತಿಗೆ ಅದೇ ಬೆಂದಿರುತ್ತೆ" ಅನ್ನುತ್ತಾಳೆ. ಸಾಲಿನಲ್ಲಿ ನಿಂತವರು ನಗುತ್ತಾರೆ. ಮಾವ ಹ್ಯಾಟಿನ ಅಂಚು ಮುಟ್ಟಿ, "ಆಯ್ತು ತಾಯಿ" ಅಂದು ಪೊಟ್ಟಣ ಎತ್ತಿಕೊಂಡು ಬರುತ್ತಾರೆ.

ನಾನು ಟೂಸಾನ್ ನಗರದಲ್ಲಿ ಓದಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಬಿಸಿಲೆಂದರೇನು ಅಂತ ಗೊತ್ತಾಯಿತು. ನನ್ನ ಗಂಡ ತಾಮ್ರದ ಗಣಿಯಲ್ಲಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಇರುವವರು ನಾನು, ಮಾವ ಮತ್ತು ನನ್ನ ಹನ್ನೊಂದು ತಿಂಗಳ ಮಗ ತೆಯೊ. ಜೂನ್ ಬಂತೆಂದರೆ ನನಗೆ ಮಗುವಿನದೇ ಹೆದರಿಕೆ. ಕಾರಿನ ಮಗುಸೀಟಿನ ಕೊಂಡಿ ಕಾದು ತೊಡೆ ಸುಟ್ಟೀತು ಅಂತ ಒದ್ದೆ ಟವೆಲು ಹಾಕಿಡುತ್ತೇನೆ. ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳಿಡುತ್ತೇನೆ. ಬಸುರಿಯಾಗಿದ್ದಾಗಲೇ ನಾನು ಹೀಗೆ ಹೆದರುವುದನ್ನು ನೋಡಿ ಮಾವ ನಗುತ್ತಿದ್ದರು. "ಮಗಳೇ, ನಿನ್ನ ಗಂಡನನ್ನ ಸಾಲಿನ ಕೊನೇಲಿ ಕರ್ಬೂಜದ ಪೆಟ್ಟಿಗೇಲಿ ಮಲಗಿಸಿ ಸಾಕಿದೀವಿ" ಅನ್ನುತ್ತಿದ್ದರು. ಅದು ಅವರ ಜೊತೆ ಹೊಲದಲ್ಲಿ ದುಡಿಯುತ್ತಿದ್ದ ಗೆಳೆಯ ಹಸಿಂತೊ ಸಾಯುವುದಕ್ಕೆ ಮುಂಚಿನ ಮಾತು.

ಹತ್ತೊಂಬತ್ತನೆಯ ವಯಸ್ಸಿಗೆ ಗಡಿಯಾಚೆಯ ಸೊನೋರಾದಿಂದ ಬಂದವರು ಮಾವ. ಮೊದಲು ಕಾಲುವೆಯ ಕಳೆ ಸುಡುವ ಕೆಲಸ, ಆಮೇಲೆ ನಲವತ್ತು ವರ್ಷ ಕರ್ಬೂಜದ ಹೊಲ. ಕುಳ್ಳಗೆ, ಗಟ್ಟಿಮುಟ್ಟಾಗಿ, ಬಾಯಿ ಬಡುಕರಾಗಿ ಇದ್ದರು. ಹದಿನೆಂಟು ಜನರ ಕೂಲಿ ಗ್ಯಾಂಗಿನಲ್ಲಿ ಯಾರನ್ನೂ ಬಿಡದೆ ಗೇಲಿ ಮಾಡುವುದು ಅವರ ಹಕ್ಕೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಗ್ಯಾಂಗಿನ ನೀರಿನ ಡ್ರಮ್ಮು, ಚಾಕು, ಊಟದ ಬುತ್ತಿ ಹೊರುತ್ತಿದ್ದುದು ಅವರ ಪಿಕಪ್ಪು. ನನಗಿಂತ ಎಂಟು ವರ್ಷ ದೊಡ್ಡದು, ಒಂದು ಕಾಲಕ್ಕೆ ನೀಲಿ ಬಣ್ಣದ್ದು. ಹೊಲದ ಬದುವಿನಲ್ಲಿ ಅದು ನಿಂತಿರುತ್ತಿತ್ತು. ನಾಲ್ಕು ದಿಕ್ಕಿಗೂ ಅದೊಂದೇ ಏಸಿ.

ಆ ಕ್ಯಾಬಿನ್ನಿಗೆ ಗ್ಯಾಂಗಿನವರು ಇಟ್ಟ ಹೆಸರು ಮದುಮಗಳ ಕೋಣೆ. ಕೆಲಸದ ನಡುವೆ ಯಾರು ಅದರಲ್ಲಿ ಹೋಗಿ ಕೂರುತ್ತಾರೋ ಅವರು ಎಲ್ಲರಿಗೂ ಸೋಡ ಕುಡಿಸಬೇಕು. ಆ ಬೆಳೆ ಮುಗಿಯುವ ತನಕ ಮದುಮಗಳು ಅನ್ನಿಸಿಕೊಳ್ಳಬೇಕು. ಸೋಡ ಕುಡಿಸುವುದು ಯಾರಿಗೂ ಕಷ್ಟವಾಗಿರಲಿಲ್ಲ, ಹೆಸರಿಗೆ ಎಲ್ಲರೂ ಹೆದರುತ್ತಿದ್ದರು. ಹೆಸರು ಇಡುತ್ತಿದ್ದವರು ಮಾವ.

ಹೋದ ವರ್ಷ ಜುಲೈ ಹನ್ನೊಂದು. ಟಾಕ್ನಾ ಕಡೆಯ ಹೊಲ. ಬೆಳಿಗ್ಗೆ ಹತ್ತಕ್ಕೇ ನಲವತ್ಮೂರು ಡಿಗ್ರಿ ಮುಟ್ಟಿತ್ತು. ಹಸಿಂತೊ ಸಾಲಿನ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ತಲೆ ತಿರುಗ್ತಿದೆ ಬಾಲ್ಡೊ. ಐದು ನಿಮಿಷ ಕೂತು ಬರ್ತೀನಿ" ಅಂದನಂತೆ.

"ಏ, ಮದುಮಗಳಿಗೆ ಕೋಣೆ ಬೇಕಂತೆ ಕಣ್ರೋ!" ಅಂತ ಮಾವ ಕೂಗಿದರು. "ಯಾರಾದ್ರೂ ಹಾಸಿಗೆ ಕೊಡವ್ರೋ. ಹೂವು ತನ್ರೋ. ಪಾಪ, ನಾಚ್ಕೊಂಡಿದೆ ನೋಡಿ."

ಎಲ್ಲರೂ ನಕ್ಕರು. ಹಸಿಂತೊನೂ ನಕ್ಕ. ಒಮ್ಮೆ ಉಗಿದು ಮತ್ತೆ ಸಾಲಿಗೆ ಬಗ್ಗಿದ.

ಎರಡು ಗಂಟೆಗೆ ಬಳ್ಳಿಗಳ ಮೇಲೆ ಬಿದ್ದ. ಎತ್ತಿದಾಗ ಮೈ ಕಾದ ಕಲ್ಲಿನಂತಿತ್ತು, ಒಂದು ಹನಿ ಬೆವರಿರಲಿಲ್ಲ. ಎಂದೋ ಸತ್ತ ತಾಯಿಯ ಜೊತೆ ಏನೋ ಮಾತಾಡುತ್ತಿದ್ದ. ಯಾರೋ ಆಂಬುಲೆನ್ಸಿಗೆ ಫೋನು ತೆಗೆದರೆ ಗ್ಯಾಂಗಿನ ಮೇಸ್ತ್ರಿ ಕ್ಯಾಂಡಿಡೊ ಬೇಡವೆಂದ. "ಅವರು ಬಂದು ಈ ಹೊಲ ಹುಡುಕೋ ಹೊತ್ತಿಗೆ ಸಂಜೆ ಆಗಿರುತ್ತೆ. ಆಮೇಲೆ ನೂರೆಂಟು ಪ್ರಶ್ನೆ. ಬಾಲ್ಡೊ, ನಿನ್ನ ಗಾಡೀಲಿ ಹಾಕ್ಕೋ. ಕಿಟಕಿ ಮುಚ್ಚು, ಏಸಿ ಪೂರ್ತಿ ತಿರುಗಿಸು, ಹೊರಡು."

ಮಾವ ಹಾಗೇ ಮಾಡಿದರು. ಯೂಮಾದ ಆಸ್ಪತ್ರೆಗೆ ಐವತ್ತು ನಿಮಿಷದ ದಾರಿ, ನಡುವೆ ಘಾಟಿ ಹತ್ತಿ ಇಳಿಯಬೇಕು. ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಾಗ ನರ್ಸೊಬ್ಬಳು ಹಸಿಂತೊನ ಕಡೆಯ ಬಾಗಿಲು ತೆಗೆದು ಒಳಗೆ ಕೈಯಿಟ್ಟು, ಬಿಸಿಗೆ ತಕ್ಷಣ ಹಿಂದಕ್ಕೆ ತೆಗೆದಳಂತೆ. "ಇದರೊಳಗೆ ಇವರನ್ನ ಎಷ್ಟು ಹೊತ್ತು ಇಟ್ಟಿದ್ರಿ?" ಅಂದಳಂತೆ.

ಹಸಿಂತೊ ಸಂಜೆಗೆ ಹೋದ. ನರ್ಸಿನ ಆ ಮಾತು ಅವನ ಹೆಣಕ್ಕಿಂತ ಮುಂಚೆ ಊರು ಸೇರಿತು.

ಬೆಳಿಗ್ಗೆ ಹತ್ತು ಗಂಟೆಯ ನಗುವಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ನಕ್ಕವರು ಎಲ್ಲರೂ, ಗಾಡಿ ಓಡಿಸಿದವರು ಒಬ್ಬರು. ಎಲ್ಲರಿಗೂ ಪಾಲು ಬರುವಂಥದ್ದನ್ನು ಮುಚ್ಚಿಟ್ಟು, ಪೂರ್ತಿ ಹೊರೆಯನ್ನು ಆ ಹಳೇ ಗಾಡಿಯ ಮೇಲೆ ಹೇರಿ ಕೈ ತೊಳೆದುಕೊಂಡರು. ಮಾವ ಅಷ್ಟು ವರ್ಷ ಊರಿಗೆಲ್ಲ ಹೆಸರಿಟ್ಟವರು. ಊರಿಗೆ ಒಂದೇ ಒಂದು ಸಲ ಅವಕಾಶ ಸಿಕ್ಕಿತು.

ಹಸಿಂತೊನ ಹೆಂಡತಿ ಎರ್ಲಿಂದಕ್ಕ. ಅವಳ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಮಗುವನ್ನು ಕೈಯಲ್ಲಿ ಹಿಡಿದವರು ಮಾವ. ಅಲ್ಲಿಂದಾಚೆ ಅವಳಿಗೆ ಅವರು ಕಂಪಾದ್ರೆ, ಅವರಿಗೆ ಅವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲಿನ ನಂಟು. ಮಣ್ಣಿನ ದಿನ ಮಾವ ಬಿಳಿ ಅಂಗಿ ಹಾಕಿಕೊಂಡು, ಗಾಡಿ ತೊಳೆದು ಅವಳ ಮನೆ ಮುಂದೆ ನಿಲ್ಲಿಸಿದರು. ನಾನು ಏಳು ತಿಂಗಳ ಬಸುರಿ, ಅಂಗಳದ ನೆರಳಲ್ಲಿ ಕೂತಿದ್ದೆ.

"ಕೊಮಾದ್ರೆ, ಸ್ಮಶಾನಕ್ಕೆ ನಾನು ಕರ್ಕೊಂಡು ಹೋಗ್ತೀನಿ" ಅಂದರು.

ಎರ್ಲಿಂದಕ್ಕ ಅವರನ್ನು ನೋಡಲಿಲ್ಲ, ನೆರೆದವರನ್ನು ನೋಡಿದಳು. "ಕೇಳಿಸ್ಕೊಂಡ್ರಾ? ಗಂಡನ್ನ ಬೇಯಿಸಿದ ಪಾತ್ರೇಲಿ ಹೆಂಡತೀನೂ ಕೂರ್ಬೇಕಂತೆ."

ಯಾರೋ ಕೆಮ್ಮಿದರು. ಮಾವ ಹ್ಯಾಟು ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ಕೂರ್ತೀನಿ," ಅಂದಳು. "ಯಾಕೆ ಕೂರಲ್ಲ? ವರ್ಷದ ಪೂಜೆಗೆ ನಿನ್ನ ಗಾಡೀಲೇ ಬರ್ತೀನಿ. ಜುಲೈ ಬಿಸಿಲಲ್ಲಿ ಒಳಗೆ ಕೂತು ನಾನು ಉಣ್ಣೆ ಶಾಲು ಹೊದ್ಕೋಬೇಕು. ಹಾಗೆ ಮಾಡಿ ತೋರಿಸು, ಅವತ್ತು ಮತ್ತೆ ಕಂಪಾದ್ರೆ ಅಂತೀನಿ. ಅಲ್ಲೀವರೆಗೂ ನೀನು ಭಟ್ಟಿ."

ಚುಚ್ಚುವುದಕ್ಕೆಂದೇ ಆಡಿದ ಮಾತು ಅದು, ಆಡಿ ಅವಳೇ ಮರೆತಿರಬಹುದು. ಮಾವ ಅದನ್ನು ನ್ಯಾಯಾಧೀಶರು ಕೊಟ್ಟ ತೀರ್ಪಿನಂತೆ ಮನೆಗೆ ತಂದರು.

ಆಮೇಲಿನ ಹನ್ನೊಂದು ತಿಂಗಳು ನಮ್ಮ ಅಂಗಳದಲ್ಲಿ ಬೇರೆ ಏನೂ ನಡೆಯಲಿಲ್ಲ. ಕ್ಯಾಂಡಿಡೊ ಮಾವನನ್ನು ಗ್ಯಾಂಗಿನಿಂದ ಬಿಡಿಸಿದ್ದ. ಬೆಳಿಗ್ಗೆ ನಿಂಬೆ ತೋಟಕ್ಕೆ ನೀರು ತಿರುಗಿಸಿ ಬಂದರೆ ಉಳಿದ ಹಗಲೆಲ್ಲ ಅವರ ತಲೆ ಬಾನೆಟ್ಟಿನ ಕೆಳಗೆ. ತೆಯೊನ ಸ್ನಾನದ ನೀರಿನ ಬಿಸಿ ನೋಡಲು ನಾನು ತಂದ ಥರ್ಮಾಮೀಟರನ್ನು ಏಸಿಯ ಗಾಳಿ ಬರುವ ಕಿಂಡಿಗೆ ಸಿಗಿಸಿದರು. ಮೊದಲ ದಿನ ಅದು ಮೂವತ್ತೊಂದು ತೋರಿಸಿತು. ಅದರ ಮುಂದೆ ಹ್ಯಾಟು ತೆಗೆದು ಎಷ್ಟೋ ಹೊತ್ತು ಕೂತಿದ್ದರು.

ಗಾಡಿಯ ಮುಂಭಾಗದಲ್ಲಿ, ರೇಡಿಯೇಟರಿಗೂ ಮುಂದೆ, ಏಸಿಯ ಒಂದು ಜಾಲರಿ ಇರುತ್ತದೆ. ಒಳಗಿನ ಸೆಕೆಯನ್ನು ಹೊರಗೆ ಚೆಲ್ಲುವುದು ಅದರ ಕೆಲಸ. ಅದರ ತುಂಬ ಹೊಲದ ಧೂಳು, ಪತಂಗದ ರೆಕ್ಕೆ, ಬಳ್ಳಿಯ ನವಿರು ಕೂತು ಗೋಡೆಯಾಗಿತ್ತು. ಮೆತ್ತಗಿನ ಬ್ರಷ್ಷಿನಲ್ಲಿ ತೊಳೆದರು. ಬಾಗಿದ ತಗಡಿನ ಎಳೆಗಳನ್ನು ನನ್ನ ಹುಬ್ಬಿನ ಚಿಮುಟ ಇಸಕೊಂಡು ಒಂದೊಂದಾಗಿ ನೆಟ್ಟಗೆ ಮಾಡಿದರು. ಮೂರು ವಾರ ಹಿಡಿಯಿತು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಸೀಳಿತ್ತು, ತಂತಿಯಲ್ಲಿ ಹೊಲಿದರು. ಜಾಲರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಗಾಳಿ ಕದ್ದು ಓಡುತ್ತದೆ ಅಂತ ಯಾರೋ ಹೇಳಿದರು. ಅತ್ತೆ ಇದ್ದಾಗಿನ ಹಾಸಿಗೆಯ ಫೋಮು ಕತ್ತರಿಸಿ ಸಂದಿಗೆ ತುಂಬಿದರು. ಫ್ಯಾನು ಬಿಸಿಯಾದಾಗ ಹಿಡಿತ ತಪ್ಪಿ ನಿಧಾನವಾಗುತ್ತಿತ್ತು, ಗುಜರಿಯಿಂದ ಬೇರೆಯದು ತಂದರು. ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆ ಬಿಚ್ಚಿದಾಗ ಇಲಿ ಗೂಡು ಸಿಕ್ಕಿತು: ಮೆಸ್ಕೀಟ್ ಮರದ ಎಲೆ, ನೂರಾರು ಕರ್ಬೂಜದ ಬೀಜ. ಅಷ್ಟು ವರ್ಷ ಗಾಳಿ ಅದರ ಮೂಲಕ ನುಸುಳಿ ಬರುತ್ತಿತ್ತು. ಮಗುವಿಗೆ ಏನಾದರೂ ಅಂಟೀತೆಂದು ನಾನು ಎರಡು ದಿನ ಮಾವನನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ಕೈಗೆ ಸೋಪು ಕೊಟ್ಟೆ.

ಸಂಜೆ ಕೆಲಸ ಬಿಟ್ಟು ಹೋಗುವಾಗ ಕ್ಯಾಂಡಿಡೊ ಮತ್ತು ಗ್ಯಾಂಗಿನ ಇಬ್ಬರು ಮೂವರು ಬೇಲಿಗೆ ಒರಗಿ ನಿಲ್ಲುತ್ತಿದ್ದರು.

"ಏನು ಭಟ್ಟಿ, ಇವತ್ತು ಬ್ರೆಡ್ಡೋ, ಕೋಳೀನೋ?"

"ಇವತ್ತು ಇಪ್ಪತ್ನಾಲ್ಕು ಡಿಗ್ರಿ" ಅನ್ನುತ್ತಿದ್ದರು ಮಾವ, ಬಾನೆಟ್ಟಿನೊಳಗಿಂದ.

"ಏಸಿಗೆ ಇನ್ನೆರಡು ಡಬ್ಬಿ ಗ್ಯಾಸ್ ತುಂಬು ಮಾರಾಯ. ಜಾಸ್ತಿ ಗ್ಯಾಸು, ಜಾಸ್ತಿ ತಂಪು. ಅಷ್ಟೂ ಗೊತ್ತಿಲ್ವಾ?"

"ಜಾಸ್ತಿ ತುಂಬಿದ್ರೆ ತಂಪು ಕಮ್ಮಿ ಆಗುತ್ತೆ. ತೂಕ ಹಾಕಿ ತುಂಬಿಸಿದೀನಿ."

"ಈಗ ತೂಕ ಹಾಕ್ತಾನೆ ನೋಡ್ರೋ. ಹಸಿಂತೊನ್ನೂ ಅಷ್ಟು ನೋಡ್ಕೊಂಡಿದ್ರೆ!"

ನಗು ಬೇಲಿಯುದ್ದಕ್ಕೂ ಹೋಗುತ್ತಿತ್ತು. ಅವತ್ತು ಆಂಬುಲೆನ್ಸಿಗೆ ಫೋನು ತೆಗೆದವನನ್ನು ತಡೆದ ಬಾಯಿಯೂ ಕ್ಯಾಂಡಿಡೊನದೇ. ನಾನು ಒಂದು ದಿನ ತಡೆಯಲಾರದೆ ಅದನ್ನು ಅಂದುಬಿಟ್ಟೆ. ಕ್ಯಾಂಡಿಡೊ ನನ್ನ ಕಂಕುಳಲ್ಲಿದ್ದ ತೆಯೊನ ಕಡೆ ನೋಡಿ, "ಮಗು ಮುದ್ದಾಗಿದೆ. ತಾತನ ಗಾಡೀಲಿ ಒಂದು ರೌಂಡು ಕಳಿಸು" ಅಂದ. ನಾನು ಮಗುವನ್ನು ಒಳಗೆ ಒಯ್ದೆ. ಯಾಕೆಂದರೆ ಅವನು ಕಂಡುಹಿಡಿದಿದ್ದ. ಮಗು ಹುಟ್ಟಿದಾಗಿನಿಂದ ಒಂದು ದಿನವೂ ಆ ಗಾಡಿಯಲ್ಲಿ ನಾನು ಅವನನ್ನು ಕೂರಿಸಿರಲಿಲ್ಲ. ಮಾವ ಯಾಕೆ ಅಂತ ಕೇಳಿರಲೂ ಇಲ್ಲ.

ಚಾವಣಿಗೆ ಬಿಳಿ ಬಣ್ಣ ಬಳಿದರು. ಕಾಲಡಿಯ ಮ್ಯಾಟು ಎತ್ತಿ ದಪ್ಪ ಫೆಲ್ಟು ಹಾಸಿದರು. ಹಿಂದಿನ ಗಾಜಿಗೆ ಬಿಸಿಲು ತಡೆಯುವ ಫಿಲ್ಮು ಅಂಟಿಸಿದರು. ಮೇ ತಿಂಗಳ ಕೊನೆಗೆ, ಹೊರಗೆ ನಲವತ್ತಿರುವಾಗ, ಊರೊಳಗೆ ಓಡಿಸಿದರೆ ಹದಿನಾಲ್ಕು. ಘಾಟಿ ಹತ್ತಿಸಿದರೆ ಇಪ್ಪತ್ತಕ್ಕೆ ಏರಿಬಿಡುತ್ತಿತ್ತು.

"ಸಾಕಲ್ವಾ ಮಾವ? ನನ್ನ ಕಾರೂ ಇಷ್ಟೇ."

"ಇಪ್ಪತ್ತಕ್ಕೆ ಯಾರು ಮಗಳೇ ಶಾಲು ಹೊದೀತಾರೆ?"

ಜೂನ್ ಮಧ್ಯದ ಒಂದು ಬೆಳಿಗ್ಗೆ. ಬಾನೆಟ್ಟು ಎತ್ತಿ ಎಂಜಿನ್ ಓಡಲು ಬಿಟ್ಟಿದ್ದರು. ನಾನು ತೆಯೊನನ್ನು ಎತ್ತಿಕೊಂಡು ಕಾಫಿ ಕೊಡಲು ಹೋದೆ. ಮಗು ಫ್ಯಾನಿನ ಕಡೆ ಕೈ ಚಾಚಿತು. ಹೌಹಾರಿ ಅವನನ್ನು ಈ ಕಡೆಗೆ ಎಳೆದುಕೊಂಡಾಗ ನನ್ನ ಮೊಣಕೈ ಒಂದು ರಬ್ಬರ್ ಪೈಪಿಗೆ ತಗಲಿತು.

"ಅಯ್ಯೋ, ಸುಡ್ತಿದೆ! ಇದ್ಯಾವ ಪೈಪು ಮಾವ?"

"ಹೀಟರಿಂದು. ನೋಡ್ಕೊಂಡು ನಿಲ್ಲು."

"ಹೀಟರು ಆಫ್ ಇದೆಯಲ್ಲ?"

"ಆಫೇ ಇದೆ."

"ಆಫ್ ಇದ್ರೆ ಯಾಕೆ ಬಿಸಿ?"

ಶಾಲೆಯಲ್ಲಿ ಕೇಳಿದರೆ ಶಭಾಸ್ ಅನ್ನಿಸಿಕೊಳ್ಳುವಂಥ ಪ್ರಶ್ನೆ. ಕಾಫಿ ಲೋಟ ಮಾವನ ಕೈಯಲ್ಲೇ ನಿಂತಿತು.

ಇಲ್ಲಿ ಹಳೇ ಗಾಡಿ ಇಟ್ಟವರೆಲ್ಲ ಮಾಡುವ ಒಂದು ಕೆಲಸವಿದೆ. ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತದೆ. ಎಂಜಿನ್ನಿನ ಬಿಸಿನೀರು ಹೀಟರಿಗೆ ಹೋಗದಂತೆ ತಡೆಯುವ ಒಂದು ಪುಟ್ಟ ವಾಲ್ವು ಇರುತ್ತದೆ. ಅದನ್ನು ಕಿತ್ತೆಸೆದು ಪೈಪನ್ನು ನೇರ ಜೋಡಿಸಿಬಿಡುತ್ತಾರೆ. ಆಗ ಹೀಟರು ಎರಡನೇ ರೇಡಿಯೇಟರಿನಂತೆ ದುಡಿದು ಎಂಜಿನ್ ಬದುಕುತ್ತದೆ. ಹೀಟರಿರುವುದು ಕ್ಯಾಬಿನ್ನಿಗೆ ಗಾಳಿ ಬರುವ ದಾರಿಯಲ್ಲೇ, ಏಸಿಯ ಪಕ್ಕದಲ್ಲೇ. ಎರಡು ಬೇಸಿಗೆಯ ಹಿಂದೆ ಮಾವ ತಮ್ಮ ಕೈಯಾರೆ ಅದನ್ನು ಮಾಡಿದ್ದರು. ಮಾಡಿ ಮರೆತಿದ್ದರು. ಹಸಿಂತೊ ಪಕ್ಕದಲ್ಲಿ ಒರಗಿದ್ದ ಆ ಐವತ್ತು ನಿಮಿಷ ಏಸಿ ತಣ್ಣಗೆ ಮಾಡಿದಷ್ಟನ್ನೂ ಹೀಟರು ಬಿಸಿ ಮಾಡುತ್ತಿತ್ತು. ಘಾಟಿಯಲ್ಲಿ ಎಂಜಿನ್ ಕಾದಷ್ಟೂ ಹೆಚ್ಚು. ಕಿಟಕಿ ಬೇರೆ ಮುಚ್ಚಿತ್ತು; ಆ ಸೆಕೆಯೆಲ್ಲ ಹೊರಗಿನ ಬಿಸಿಲಿನದೇ ಅಂದುಕೊಂಡಿದ್ದರು.

ಅವರು ಪೆಟ್ಟಿಗೆಯಿಂದ ಕಚ್ಚಿ ಹಿಡಿಯುವ ಇಕ್ಕಳ ತೆಗೆದರು. ಪೈಪಿಗೆ ಹಾಕಿ ಹಿಸುಕಿದರು. ಟಕ್ ಅಂತ ಅದು ಕಚ್ಚಿಕೊಂಡಿತು. ಅಷ್ಟೇ.

ನಾನು ಕ್ಯಾಬಿನ್ನಿನೊಳಗೆ ತಲೆ ಹಾಕಿ ಓದಿದೆ. ಹದಿನಾಲ್ಕು. ಹನ್ನೊಂದು. ಒಂಬತ್ತು. "ಆರು!" ಅಂತ ಕೂಗಿದೆ. "ಮಾವ, ಆರು ಡಿಗ್ರಿ!" ಖುಷಿಯಲ್ಲಿ ತೆಯೊನ ಕೈ ಹಿಡಿದು ಚಪ್ಪಾಳೆ ತಟ್ಟಿಸಿದೆ.

ತಿರುಗಿ ನೋಡಿದರೆ ಮಾವ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತಿದ್ದರು.

"ಇಕ್ಕಳ ಹಾಕೋಕೆ ಎಷ್ಟು ಹೊತ್ತು ಹಿಡೀತು ಮಗಳೇ?"

ನನ್ನ ಕೈ ನಿಂತುಹೋಯಿತು. "ಒಂದು... ಅರ್ಧ ನಿಮಿಷ."

"ಅವತ್ತೂ ಪೆಟ್ಟಿಗೇಲೇ ಇತ್ತು ಈ ಇಕ್ಕಳ," ಅಂದರು. "ಅವನ ಕಾಲ ಕೆಳಗೆ."

ಆ ಸಂಜೆ ನಾನು ಹೇಳಿದೆ. "ಎರ್ಲಿಂದಕ್ಕನಿಗೆ ಇದನ್ನ ಹೇಳಬೇಡಿ ಮಾವ. ಫ್ಯಾನು ಹಾಕಿಸಿದೆ, ಗ್ಯಾಸು ತುಂಬಿಸಿದೆ ಅನ್ನಿ. ಸುಳ್ಳೇನಲ್ಲವಲ್ಲ."

"ಕೇಳದಿದ್ರೆ ಹೇಳಲ್ಲ."

"ಕೇಳಿದ್ರೆ?"

ಅವರು ಹ್ಯಾಟಿನ ಅಂಚಿನ ಸುತ್ತ ಹೆಬ್ಬೆರಳು ಆಡಿಸುತ್ತಾ ಕೂತರು.

ಜುಲೈ ಹನ್ನೊಂದು ಮತ್ತೆ ಬಂತು. ಪೂಜೆ ಯೂಮಾದ ಚರ್ಚಿನಲ್ಲಿ, ಸಂಜೆ ನಾಲ್ಕೂವರೆಗೆ. ಮೂರು ಗಂಟೆಗೆ ಹೊರಗೆ ನಲವತ್ತೇಳು ಡಿಗ್ರಿ. ಎರ್ಲಿಂದಕ್ಕ ಬರದೇ ಇರಲಿ ಅಂತ ನಾನು ಹರಕೆ ಹೊತ್ತವಳಂತೆ ಕಾಯುತ್ತಿದ್ದೆ. ಬಂದಳು. ಕಪ್ಪು ಲಂಗ, ಎಡ ತೋಳಿನ ಮೇಲೆ ಮಡಿಸಿದ ಕಪ್ಪು ಉಣ್ಣೆ ಶಾಲು. ಆ ಬಿಸಿಲಲ್ಲಿ ಅದನ್ನು ನೋಡಿದರೇ ಮೈ ಕೆರೆಯುತ್ತಿತ್ತು. ಮಾವ ಗಾಡಿ ನಿಲ್ಲಿಸಿದ್ದ ಟೋರ್ಟಿಯಾ ಅಂಗಡಿಯ ಮುಂದೆ ಕ್ಯಾಂಡಿಡೊನ ಗುಂಪು ಇದಕ್ಕೆಂದೇ ನೆರೆದಿತ್ತು.

"ಎರ್ಲಿಂದಾ, ಉಪ್ಪು ಮೆಣಸು ಹಚ್ಕೊಂಡಿದೀಯ ತಾನೇ? ಸಪ್ಪೆ ಆಗಬಾರದು!"

ಎರ್ಲಿಂದಕ್ಕ ಗಾಡಿ ಹತ್ತಿ ಬಾಗಿಲು ಹಾಕಿಕೊಂಡಳು. ನಾನು ತೆಯೊನನ್ನು ನನ್ನ ಕಾರಿನಲ್ಲಿ ಕಟ್ಟಿ ಹಿಂದೆ ಹೊರಟೆ.

ಗಾಡಿಯೊಳಗೆ ಆದದ್ದನ್ನು ಮಾವ ಆಮೇಲೆ ಹೇಳಿದರು, ಒಂದೇ ಸಲ, ತುಂಬ ಮೆಲ್ಲಗೆ. ಊರು ದಾಟಿದ ಮೇಲೆ ಅವಳು ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದು ನೋಡಿದಳು. ಸ್ವಲ್ಪ ಹೊತ್ತಿಗೆ ಶಾಲನ್ನು ಮಂಡಿಯ ಮೇಲೆ ಎಳೆದುಕೊಂಡಳು. ಲಿಗುರ್ಟಾ ಅನ್ನುವ ಹಳ್ಳಿ ದಾಟುವಾಗ ಬಿಚ್ಚಿ ಹೆಗಲ ಮೇಲೆ ಹೊದ್ದಳು.

"ಚಳಿ ಆಗ್ತಿದೆ ಕಂಪಾದ್ರೆ," ಅಂದಳು.

ಒಂದು ವರ್ಷ ಕಾದ ಮಾತು ಅದು. ಅಲ್ಲಿಗೆ ನಿಂತಿದ್ದರೆ! ಆದರೆ ಮಾತು ಬಿಟ್ಟವರು ಮತ್ತೆ ಮಾತಿಗೆ ಸಿಕ್ಕಿದಾಗ ಏನಾದರೂ ಕೇಳಬೇಕಲ್ಲ. ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. "ಏನು ಮಾಡಿಸಿದೆ? ಹೊಸಾ ಮೆಷೀನೇ ಹಾಕಿಸಿದ್ಯಾ?"

ಮಾವ ಜಾಲರಿಯಿಂದ ಶುರುಮಾಡಿದರು. ಚಿಮುಟ, ಫೋಮು, ಫ್ಯಾನು. ಇಲಿಗೂಡಿನ ಕತೆಗೆ ಅವಳು ನಕ್ಕಳಂತೆ.

"ಇಷ್ಟೆಲ್ಲ ಆದ್ಮೇಲೆ ಹಿಂಗೆ ತಣ್ಣಗಾಯ್ತು?"

"ಇಲ್ಲ."

"ಮತ್ತೆ?"

ಮಾವ ಪೈಪಿನ ವಿಷಯ ಹೇಳಿದರು.

ಘಾಟಿಯ ಬುಡದಲ್ಲಿ ನನ್ನ ಮುಂದಿದ್ದ ಅವರ ಗಾಡಿಯ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು. ಅದು ರಸ್ತೆಯ ಅಂಚಿಗೆ ಸರಿದು ನಿಂತಿತು. ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯುವ ಪೈಕಿ ನಾನಲ್ಲ; ಬಿಚ್ಚಿ, ತಲೆಗೆ ಒದ್ದೆ ಬಟ್ಟೆ ಹೊದಿಸಿ, ಎದೆಗೆ ಒತ್ತಿಕೊಂಡು ಓಡಿದೆ. ಲಾರಿಗಳು ಕಿವಿ ಹರಿಯುವಂತೆ ಸಾಗುತ್ತಿದ್ದವು. ಬಾನೆಟ್ಟು ಎತ್ತಿತ್ತು. ಎರ್ಲಿಂದಕ್ಕ ಅದರ ಮುಂದೆ ನಿಂತಿದ್ದಳು.

"ಇದೇನಾ?"

"ಇದೇ."

"ಇಷ್ಟೇನಾ?"

"ಇಷ್ಟೇ, ಕೊಮಾದ್ರೆ."

"ಕೊಮಾದ್ರೆ ಅನ್ನಬೇಡ. ಆ ಪೈಪನ್ನ ಹಿಂಗೆ ಜೋಡಿಸಿದ್ದು ಯಾರು?"

"ನಾನೇ."

"ಯಾಕೆ?"

"ಎಂಜಿನ್ ಕಾಯಬಾರದು ಅಂತ."

"ಎಂಜಿನ್ ಕಾಯಬಾರದು ಅಂತ," ಅಂದಳು ಅವಳು, ಮಗುವಿಗೆ ಮಾತು ಕಲಿಸುವವಳಂತೆ ಒಂದೊಂದೇ ಪದ ಬಿಡಿಸಿ.

ಶಾಲಿನ ತುದಿಯಲ್ಲಿ ಇಕ್ಕಳ ಹಿಡಿದು ಒತ್ತಿದಳು. ಅದು ಬಾಯಿ ಬಿಟ್ಟಿತು. ತೆಗೆದು ಕೈಯಲ್ಲಿಟ್ಟುಕೊಂಡಳು. ಆಮೇಲೆ ಕ್ಯಾಬಿನ್ನಿನೊಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಹಿಡಿಯನ್ನು ತಂಪಿನ ನೀಲಿ ತುದಿಯಿಂದ ಬಿಸಿಯ ಕೆಂಪು ತುದಿಗೆ ತಳ್ಳಿದಳು. ತನ್ನ ಕಡೆಯ ಗಾಜು ಪೂರ್ತಿ ಏರಿದೆಯೇ ಅಂತ ಒತ್ತಿ ನೋಡಿದಳು.

"ಹತ್ತು," ಅಂದಳು. "ನಿನ್ನ ಕಡೆ ಗಾಜೂ ಮುಚ್ಚು. ನಾನು ಹಿಂದೆ ಇವಳ ಕಾರಲ್ಲಿ ಬರ್ತೀನಿ."

"ಎರ್ಲಿಂದಕ್ಕಾ, ಬೇಡಿ," ಅಂದೆ. "ಅವರಿಗೆ ಅರವತ್ತೊಂದು ವರ್ಷ."

"ನನ್ನ ಗಂಡನಿಗೆ ನಲವತ್ನಾಲ್ಕು. ಅಷ್ಟು ಕರುಳು ಕಿವುಚಿದ್ರೆ ನೀನೂ ಹೋಗಿ ಪಕ್ಕದಲ್ಲಿ ಕೂತ್ಕೋ. ಮಗೂನೂ ಕರ್ಕೊಂಡು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಾವ ಅದನ್ನು ನೋಡಿದರು. "ಬಿಸಿಲಲ್ಲಿ ನಿಲ್ಲಬೇಡ ಮಗಳೇ, ಮಗು ಕೆಂಪಾಗಿದೆ" ಅಂದು, ಬಾನೆಟ್ಟು ಇಳಿಸಿ ಗಾಡಿ ಹತ್ತಿದರು.

ಎರ್ಲಿಂದಕ್ಕ ಶಾಲು ಸುತ್ತಿ ಖಾಲಿ ಸೀಟಿಗೆ ಎಸೆದಳು. "ಚಳಿ ಆದ್ರೆ ಹೊದ್ಕೋ."

ಘಾಟಿಯುದ್ದಕ್ಕೂ ನಾನು ಅವರ ಹಿಂದಿನ ಗಾಜನ್ನೇ ನೋಡುತ್ತಾ ಓಡಿಸಿದೆ. ತಿರುವಿನಲ್ಲಿ ಗಾಜು ಇಳಿಸಿಕೊಳ್ಳಬಹುದಿತ್ತು. ಯಾರು ನೋಡುತ್ತಿದ್ದರು? ಇಳಿಸಲಿಲ್ಲ. ಅರ್ಧ ಏರಿನಲ್ಲಿ ಒಂದು ಕೈ ಪಕ್ಕಕ್ಕೆ ಹೋಯಿತು, ಕಪ್ಪಗಿನದೊಂದು ಮೇಲೆದ್ದಿತು. ಮಾವ ಶಾಲನ್ನು ಹೆಗಲ ಮೇಲೆ ಹೊದ್ದುಕೊಂಡ ಹಾಗೆ ಫಿಲ್ಮಿನ ಆಚೆ ಮಸುಕಾಗಿ ಕಂಡಿತು.

"ನಿನ್ನ ಕಾರು ಚೆನ್ನಾಗಿ ತಣ್ಣಗಿದೆ," ಅಂದಳು ಎರ್ಲಿಂದಕ್ಕ. ಇಕ್ಕಳ ಅವಳ ಮಡಿಲಲ್ಲಿತ್ತು. ಹಿಂದಿನ ಸೀಟಿನಿಂದ ತೆಯೊ ಏನೋ ಗುನುಗುತ್ತಿದ್ದ.

"ಅಕ್ಕಾ, ಏನಾದ್ರೂ ಆದ್ರೆ..."

"ಅವನನ್ನ ದಾಟಬೇಡ. ಹಿಂದೇನೇ ಹೋಗು." ಘಾಟಿಯ ನೆತ್ತಿ ಬಂದಾಗ ಕಿಟಕಿಯಾಚೆ ಬೆರಳು ತೋರಿಸಿದಳು. "ಇಲ್ಲಿಗೆ ಹಸಿಂತೊ ಮಾತು ನಿಲ್ಲಿಸಿದ್ದನಂತೆ. ನಿದ್ದೆ ಬಂತು ಅಂದ್ಕೊಂಡೆ ಅಂತ ನಿನ್ನ ಮಾವಾನೇ ಹೇಳಿದ್ದು."

ಚರ್ಚಿನ ಅಂಗಳದಲ್ಲಿ ಗಾಡಿ ಒಂದು ತಾಳೆಮರದ ಪಕ್ಕ ನಿಂತಿತು. ಎಂಜಿನ್ ಸದ್ದಡಗಿತು. ಬಾಗಿಲು ತೆರೆಯಲಿಲ್ಲ. ನಾನು ಮಗುವಿನ ಕೊಂಡಿ ಬಿಚ್ಚುತ್ತಾ ಆ ಬಾಗಿಲನ್ನೇ ನೋಡಿದೆ. ಕೊನೆಗೆ ಅದು ತೆರೆಯಿತು. ಒಂದು ಕಾಲು ಕೆಳಗೆ ಬಂತು, ಇನ್ನೊಂದು ಬಂತು. ಬಾಗಿಲನ್ನು ಹಿಡಿದು ನಿಂತರು. ಶಾಲು ತೊಟ್ಟಿಯಿಂದ ಎತ್ತಿದಂತೆ ತೊಟ್ಟಿಕ್ಕುತ್ತಿತ್ತು. ಮುಖ ಸುಟ್ಟ ಇಟ್ಟಿಗೆಯ ಬಣ್ಣ.

ಎರ್ಲಿಂದಕ್ಕ ಹತ್ತಿರ ಹೋಗಿ ಅವರ ಹಣೆಯ ಮೇಲೆ ಅಂಗೈ ಇಟ್ಟಳು, ನಾನು ತೆಯೊನಿಗೆ ಜ್ವರ ನೋಡುವ ಹಾಗೆ. ಬಹಳ ಹೊತ್ತು ತೆಗೆಯಲಿಲ್ಲ. ಇನ್ನೇನು ಅವಳು ಅಳುತ್ತಾಳೆ, ಎಲ್ಲ ಇಳಿದುಹೋಗುತ್ತದೆ ಅಂದುಕೊಂಡೆ.

"ಬೆವರ್ತಿದೀಯ," ಅಂದಳು. "ಅವನಿಗೆ ಬೆವರೂ ಇರಲಿಲ್ಲ."

ಶಾಲನ್ನು ಅವರ ಮೈಮೇಲಿಂದ ಎಳೆದುಕೊಂಡಳು. ಹಿಂಡಿದಳು, ನೀರು ಮಣ್ಣಿಗೆ ಬಿತ್ತು.

"ಬದುಕಿದೀಯಲ್ಲ ಭಟ್ಟಿ. ಬಾ, ಪೂಜೆ ಶುರುವಾಗುತ್ತೆ."

ಮಾವ ಕೊನೆಯ ಬೆಂಚಿನಲ್ಲಿ ಕೂತರು. ನಾನು ಅವರ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟೆ. ಒಂದು ಗುಟುಕು ಕುಡಿದು ಹಿಂದಕ್ಕೆ ಕೊಟ್ಟರು.

ಇದಾಗಿ ಐದು ವಾರವಾಯಿತು. ಮಾವ ಈಗ ಮಾತು ಕಡಿಮೆ ಮಾಡಿದ್ದಾರೆ. ಗಾಡಿ ಓಡಿಸುವುದನ್ನು ಬಿಟ್ಟಿಲ್ಲ. ಪೈಪಿಗೆ ಇಕ್ಕಳವಿಲ್ಲದೆ, ಗಾಜು ಏರಿಸಿಕೊಂಡೇ ಓಡಿಸುತ್ತಾರೆ, ನಿಂಬೆ ತೋಟದಿಂದ ಅಂಗಿ ಬೆನ್ನಿಗಂಟಿಕೊಂಡು ಬರುತ್ತಾರೆ. ಇಕ್ಕಳ ಎರ್ಲಿಂದಕ್ಕನ ಮನೆಯ ಬಾಗಿಲಿನ ಮೊಳೆಯಲ್ಲಿ ನೇತಾಡುತ್ತಿದೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಅಂಥದ್ದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ನಾನೇ ಒಂದು ತಂದು ಅವರ ಕಾಫಿ ಲೋಟದ ಪಕ್ಕ ಇಟ್ಟೆ. ಮೂರು ವಾರ ಅದು ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಮೊನ್ನೆ ತೆಯೊ ಕುರ್ಚಿ ಹಿಡಿದು ಎದ್ದು ನಿಂತು ಅದಕ್ಕೆ ಕೈ ಹಾಕಿದ. ಬೆರಳು ಸಿಕ್ಕಿಕೊಂಡೀತೆಂದು ಕಿತ್ತುಕೊಂಡು ಮೇಲಿನ ಗೂಡಿನಲ್ಲಿಟ್ಟೆ.